ನಿದ್ದೆ ಹತ್ತುವಾಗ ಮೈ ಯಾಕೆ ಬೆಚ್ಚಿ ಬೀಳುತ್ತದೆ?

ಪ್ರಶ್ನೆ: ನನಗೆ 38 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಮಾರ್ಚ್‌ನಿಂದ ಒಂದು ತೊಂದರೆ ಶುರುವಾಗಿದೆ. ರಾತ್ರಿ ಇನ್ನೇನು ಕಣ್ಣು ಹತ್ತಿತು ಅನ್ನುವಾಗ ಮೆಟ್ಟಿಲು ತಪ್ಪಿದ ಹಾಗಾಗಿ ಇಡೀ ಮೈ ಬೆಚ್ಚಿ ಬೀಳುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೆಲವು ರಾತ್ರಿ ಎರಡು ಮೂರು ಸಲ. ಇಯರ್ ಎಂಡಿಂಗ್ ಶುರುವಾದಾಗಿನಿಂದ ಮಲಗುವುದು ಹನ್ನೆರಡು, ಏಳುವುದು ಐದೂವರೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಫಿಟ್ಸ್ ಇರಬಹುದು ಅಂದರು. ಮೆಡಿಕಲ್ ಶಾಪಿನವರು ನರದ ವೀಕ್ನೆಸ್ ಅಂತ ಮಾತ್ರೆ ಕೊಟ್ಟರು, ಹದಿನೈದು ದಿನದಿಂದ ನುಂಗುತ್ತಿದ್ದೇನೆ. ಈಗ ಮಲಗುವುದಕ್ಕೇ ಭಯ. ಎಂಆರ್‌ಐ ಮಾಡಿಸಬೇಕಾ ಡಾಕ್ಟ್ರೇ? ನನ್ನ ತಂಗಿಯ ಎರಡು ತಿಂಗಳ ಮಗುವೂ ನಿದ್ದೆಯಲ್ಲಿ ಬೆಚ್ಚುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ನಿಮಗೆ ಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ನೀವು ಬರೆದಷ್ಟನ್ನು ನೋಡಿದರೆ ಇದು ಫಿಟ್ಸ್ ಅಲ್ಲ, ಹೃದಯದ ಕಾಯಿಲೆಯೂ ಅಲ್ಲ. ನಿದ್ದೆಯ ಹೊಸ್ತಿಲಲ್ಲಿ ಮೈ ಹೀಗೆ ಬೆಚ್ಚುವುದಕ್ಕೆ ನಾವು ಹಿಪ್ನಿಕ್ ಜರ್ಕ್ ಅನ್ನುತ್ತೇವೆ. ನೂರಕ್ಕೆ 60ರಿಂದ 70 ಜನರಿಗೆ ಯಾವಾಗಲಾದರೂ ಆಗಿಯೇ ಇರುತ್ತದೆ. ಬಹಳಷ್ಟು ಜನಕ್ಕೆ ಬೆಳಗ್ಗೆ ಅದರ ನೆನಪೂ ಇರುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಒದೆ ಬಿದ್ದಾಗಲೇ ಗೊತ್ತಾಗುವುದು. ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಅನ್ನಿಸಿದ್ದು ಬೆಚ್ಚುವುದಲ್ಲ, ಆಮೇಲೆ ಹುಟ್ಟಿಕೊಂಡ ಭಯ. ಅದಕ್ಕೆ ಆಮೇಲೆ ಬರುತ್ತೇನೆ.

ನಿದ್ದೆ ಅಂದರೆ ಮೆದುಳು ಸುಮ್ನೆ ಆಫ್ ಆಗುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಲ್ಲ. ನಮ್ಮನ್ನು ಎಚ್ಚರ ಇಡುವುದಕ್ಕೆ ಒಂದು ವ್ಯವಸ್ಥೆ ಇದೆ, ಮಲಗಿಸುವುದಕ್ಕೆ ಬೇರೆಯೇ ಒಂದು ಇದೆ. ಇದರ ಮೊದಲ ಸುಳಿವು ಸಿಕ್ಕಿದ್ದು ಒಂದು ಭೀಕರ ಸಾಂಕ್ರಾಮಿಕದಿಂದ. 1917ರ ಹೊತ್ತಿಗೆ ವಿಯೆನ್ನಾದಲ್ಲಿ ಕಾನ್‌ಸ್ಟಂಟಿನ್ ಫಾನ್ ಎಕಾನೊಮೊ ಅನ್ನುವ ವೈದ್ಯರು ಮೆದುಳಿನ ಉರಿಯೂತದ ರೋಗಿಗಳನ್ನು ನೋಡುತ್ತಿದ್ದರು. ಕೆಲವರು ಹಗಲು ರಾತ್ರಿ ನಿದ್ದೆಯಲ್ಲೇ ಮುಳುಗಿರುತ್ತಿದ್ದರು. ಇನ್ನು ಕೆಲವರಿಗೆ ಎಷ್ಟು ದಿನವಾದರೂ ನಿದ್ದೆಯೇ ಹತ್ತುತ್ತಿರಲಿಲ್ಲ. ಸತ್ತವರ ಮೆದುಳನ್ನು ಪರೀಕ್ಷಿಸಿದಾಗ, ನಿದ್ದೆ ಬಾರದವರಲ್ಲಿ ಮೆದುಳಿನ ತಳದ ಒಂದು ಸಣ್ಣ ಭಾಗವಾದ ಹೈಪೋಥಲಾಮಸ್‌ನ ಮುಂಭಾಗ ಹಾಳಾಗಿತ್ತು. ಸದಾ ಮಲಗಿರುತ್ತಿದ್ದವರಲ್ಲಿ ಅದರ ಹಿಂಭಾಗ. ಹಾಗಾದರೆ ಮಲಗಿಸುವ ಜಾಗ ಮುಂದಿದೆ, ಎಚ್ಚರ ಇಡುವ ಜಾಗ ಹಿಂದಿದೆ ಅಂತ ಅವರು ಲೆಕ್ಕ ಹಾಕಿದರು. ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ಇಷ್ಟು ಸರಿಯಾಗಿ ಊಹಿಸಿದ್ದು ನನಗೆ ಇಂದಿಗೂ ಆಶ್ಚರ್ಯವೇ. 1949ರಲ್ಲಿ ಮೊರುಝಿ ಮತ್ತು ಮಗೂನ್ ಅನ್ನುವ ವಿಜ್ಞಾನಿಗಳು ಮೆದುಳಿನ ಕಾಂಡದಲ್ಲಿ, ಅಂದರೆ ಮೆದುಳು ಬೆನ್ನುಹುರಿಗೆ ಸೇರುವ ಬುಡದಲ್ಲಿ, ಎಚ್ಚರದ ಜಾಲವನ್ನು ತೋರಿಸಿದರು. 1996ರಲ್ಲಿ ಕ್ಲಿಫರ್ಡ್ ಸೇಪರ್ ಅವರ ತಂಡ ಇಲಿಗಳ ಹೈಪೋಥಲಾಮಸ್‌ನ ಮುಂಭಾಗದಲ್ಲಿ, ನಿದ್ದೆ ಮಾಡುವಾಗ ಚುರುಕಾಗುವ ನರಕೋಶಗಳ ಒಂದು ಸಣ್ಣ ಗುಂಪನ್ನು ಪತ್ತೆ ಹಚ್ಚಿತು.

ಈ ಎರಡು ಪಕ್ಷಗಳೂ ಒಂದನ್ನೊಂದು ಅದುಮಿ ಹಿಡಿಯುತ್ತವೆ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್‌ಗಳ ಡ್ಯೂಟಿ ಬದಲಾಗುವ ಹೊತ್ತು ನೋಡಿದ್ದೀರಾ? ಹಗಲಿನವರು ಬ್ಯಾಗ್ ಹೆಗಲಿಗೆ ಹಾಕಿಕೊಂಡಿರುತ್ತಾರೆ, ರಾತ್ರಿಯವರು ಇನ್ನೂ ಚಾರ್ಟ್ ಓದುತ್ತಿರುತ್ತಾರೆ. ಆಗ ಒಂದು ಬೆಲ್ ಹೊಡೆದರೆ ಇಬ್ಬರೂ ಓಡುತ್ತಾರೆ. ನಿದ್ದೆ ಹತ್ತುವ ಮೊದಲ ಕೆಲವು ನಿಮಿಷ ಮೆದುಳಿನ ಸ್ಥಿತಿ ಅದೇ. ಎಚ್ಚರದ ಜಾಲ ಪೂರ್ತಿ ಬಿಟ್ಟುಕೊಟ್ಟಿಲ್ಲ, ನಿದ್ದೆಯ ಗುಂಪಿಗೆ ಪೂರ್ತಿ ಹಿಡಿತ ಸಿಕ್ಕಿಲ್ಲ. ಈ ನಡುವಿನಲ್ಲಿ ಮೆದುಳಿನ ಕಾಂಡದಿಂದ ಸ್ನಾಯುಗಳಿಗೆ ಒಂದು ಆಜ್ಞೆ ತಪ್ಪಿ ಹೊರಟುಬಿಡುತ್ತದೆ, ಮೈ ಜಗ್ಗುತ್ತದೆ ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

ಸ್ಲೀಪ್ ಲ್ಯಾಬಿನಲ್ಲಿ ಇದು ಚೆನ್ನಾಗಿ ಕಾಣಿಸುತ್ತದೆ. ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಎರಡೂ ಮೊಳಕಾಲಿನ ಕೆಳಗೆ ವೈರು ಅಂಟಿಸಿರುತ್ತೇವೆ. ಪರದೆಯ ಮೇಲೆ ಒಂದು ಪುಟ ಅಂದರೆ 30 ಸೆಕೆಂಡು. ಕಣ್ಣು ಮುಚ್ಚಿ ಎಚ್ಚರವಾಗಿರುವವರ ತಲೆಯ ಹಿಂಭಾಗದಿಂದ ಸೆಕೆಂಡಿಗೆ 8ರಿಂದ 13 ಸಲ ಏಳುವ ಆಲ್ಫಾ ಅಲೆಗಳು ಒತ್ತೊತ್ತಾಗಿ, ಸಮವಾಗಿ ಬರುತ್ತಿರುತ್ತವೆ. ಜೊಂಪು ಹತ್ತುತ್ತಿದ್ದ ಹಾಗೆ ಅವು ಚದುರಿ, ಇನ್ನೂ ನಿಧಾನದ ಅಲೆಗಳು ಶುರುವಾಗುತ್ತವೆ. ಕಣ್ಣಿನ ಗೆರೆ ಮಾತ್ರ ಉದ್ದಕ್ಕೆ ತೂಗಾಡುತ್ತದೆ, ಅಂದರೆ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಆ ಕಡೆ ಈ ಕಡೆ ಮೆಲ್ಲಗೆ ಹೊರಳುತ್ತಿದೆ. ಗಲ್ಲದ ಸ್ನಾಯುವಿನ ಗೆರೆ ತೆಳ್ಳಗಾಗುತ್ತದೆ. ಅಷ್ಟರಲ್ಲಿ ಕಾಲಿನ ಗೆರೆಯಲ್ಲಿ ಒಂದು ಕಪ್ಪು ಗುಡ್ಡೆ ಎದ್ದು ಬೀಳುತ್ತದೆ. ಕಾಲು ಸೆಕೆಂಡೂ ಇರುವುದಿಲ್ಲ. ಅದರ ಹಿಂದೆಯೇ ಆಲ್ಫಾ ಮರಳಿ ಬರುತ್ತದೆ, ಇಸಿಜಿಯ ಬಡಿತಗಳು ಹತ್ತಿರ ಹತ್ತಿರವಾಗುತ್ತವೆ. ನೀವು ಹೇಳಿದ ಡವಡವ ಅದೇ. ಹಠಾತ್ತನೆ ಎಚ್ಚರವಾದಾಗ ಅಡ್ರಿನಲಿನ್ ನುಗ್ಗಿ ಹೃದಯ ಓಡುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ತಣ್ಣಗಾಗುತ್ತದೆ. ಹೃದಯ ಮೊದಲು ಓಡಿ ಆಮೇಲೆ ಮೈ ಬೆಚ್ಚಿದ್ದಲ್ಲ, ಮೈ ಬೆಚ್ಚಿದ್ದಕ್ಕೆ ಹೃದಯ ಓಡಿದ್ದು.

ಇದೇನೂ ಹೊಸ ಕಾಯಿಲೆಯಲ್ಲ. ಅಮೆರಿಕದ ನರತಜ್ಞ ಸೈಲಸ್ ವೇರ್ ಮಿಚೆಲ್ 1890ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. 1959ರಲ್ಲಿ ಇಯಾನ್ ಓಸ್ವಾಲ್ಡ್ ಮೆದುಳಿನ ಅಲೆಗಳನ್ನು ದಾಖಲಿಸಿ, ಇದು ಆರೋಗ್ಯವಂತರಲ್ಲೂ ಆಗುವ ಸಹಜ ಸಂಗತಿ, ಫಿಟ್ಸ್ ಅಲ್ಲ ಅಂತ ಬಿಡಿಸಿ ತೋರಿಸಿದರು. ನಿಮ್ಮ ಸಹೋದ್ಯೋಗಿಯ ಅನುಮಾನಕ್ಕೆ ಉತ್ತರ ಸಿಕ್ಕಿ ಅರುವತ್ತಕ್ಕೂ ಜಾಸ್ತಿ ವರ್ಷವಾಯಿತು.

ಇನ್ನು ಬಿದ್ದ ಹಾಗಾಗುವುದು. ಇದು ನನಗೆ ಬಹಳ ಇಷ್ಟದ ಭಾಗ. ಕೆಲವರಿಗೆ ಮೆಟ್ಟಿಲು ತಪ್ಪುತ್ತದೆ, ಕೆಲವರು ಬಾವಿಗೆ ಬೀಳುತ್ತಾರೆ, ಕೆಲವರಿಗೆ ಬೈಕ್ ಎದುರಿಗೆ ನಾಯಿ ಅಡ್ಡ ಬರುತ್ತದೆ. ಕನಸಿನಲ್ಲಿ ಬಿದ್ದೆ, ಅದಕ್ಕೇ ಮೈ ಬೆಚ್ಚಿತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದು ಉಲ್ಟಾ ಇರಬಹುದು. ಮೊದಲು ಸ್ನಾಯು ಜಗ್ಗಿತು, ಅರೆನಿದ್ದೆಯ ಮೆದುಳು ಅದಕ್ಕೊಂದು ಕಾರಣ ಬೇಕಲ್ಲ ಅಂತ ಕ್ಷಣದಲ್ಲಿ ಕಥೆ ಹೊಸೆಯಿತು. ನಮಗೆ ಎಚ್ಚರವಾಗುವಾಗ ಕಥೆ ಮೊದಲು ನಡೆದ ಹಾಗೆ ನೆನಪಾಗುತ್ತದೆ. ಇನ್ನೊಂದು ವಿವರಣೆಯೂ ಇದೆ. ನಿದ್ದೆ ಹತ್ತುವಾಗ ಸ್ನಾಯುಗಳು ಸಡಿಲವಾಗುತ್ತವೆ, ಒಳಕಿವಿಯಿಂದ ಬರುವ ಸಮತೋಲನದ ಸುದ್ದಿಗೆ ಮೆದುಳು ಗಮನ ಕೊಡುವುದು ಕಡಿಮೆಯಾಗುತ್ತದೆ. ಆ ಸಡಿಲವನ್ನೇ ಅದು ಬೀಳುವುದು ಅಂತ ತಿಳಿದುಕೊಂಡು ಹಿಡಿದುಕೊಳ್ಳಲು ಹೋಗುತ್ತದೆ ಅಂತ. ಎರಡರಲ್ಲಿ ನನ್ನ ಒಲವು ಮೊದಲನೆಯದಕ್ಕೆ. ಯಾಕೆಂದರೆ ಬೀಳುವ ಅನುಭವವೇ ಇಲ್ಲದೆ ಸುಮ್ನೆ ಕಾಲು ಮಾತ್ರ ಜಗ್ಗುವವರೂ ಬೇಕಾದಷ್ಟು ಜನ ಇದ್ದಾರೆ.

ನಮ್ಮ ಪೂರ್ವಜರು ಮಂಗಗಳಾಗಿ ಮರದ ಮೇಲೆ ಮಲಗುತ್ತಿದ್ದರು, ಕೊಂಬೆಯಿಂದ ಬೀಳದಿರಲಿ ಅಂತ ಮೆದುಳು ಎಬ್ಬಿಸುತ್ತಿತ್ತು, ಆ ಅಭ್ಯಾಸ ಉಳಿದಿದೆ ಅನ್ನುವ ವಾದವನ್ನೂ ನೀವು ಕೇಳಿರಬಹುದು. ಚೆಂದದ ಕಥೆ. ಪರೀಕ್ಷೆ ಮಾಡಿ ನೋಡುವ ದಾರಿ ಇಲ್ಲ, ಹಾಗಾಗಿ ಕಥೆಯಾಗಿಯೇ ಇರಲಿ. ಆದರೆ ವಾಟ್ಸ್ಆ್ಯಪಿನಲ್ಲಿ ಓಡಾಡುವ ಇನ್ನೊಂದನ್ನು ಮಾತ್ರ ದಯವಿಟ್ಟು ನಂಬಬೇಡಿ: ಮಲಗಿದಾಗ ಉಸಿರು ನಿಧಾನವಾಗುತ್ತದೆ, ಸತ್ತುಹೋದೆವೇನೋ ಅಂತ ಮೆದುಳು ಝಾಡಿಸಿ ನೋಡುತ್ತದೆ ಅಂತ. ಉಸಿರು, ಹೃದಯ ಎರಡನ್ನೂ ಮೆದುಳಿನ ಕಾಂಡ ರಾತ್ರಿಯಿಡೀ ನೋಡಿಕೊಳ್ಳುತ್ತಿರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದರೂ ಅದಕ್ಕೆ ತಿಳಿಯುತ್ತದೆ. ನೀವು ಬದುಕಿದ್ದೀರಾ ಅಂತ ಕಾಲು ಅಲ್ಲಾಡಿಸಿ ನೋಡುವ ಅಗತ್ಯ ಅದಕ್ಕಿಲ್ಲ.

ಬೆಚ್ಚುವಾಗ ಕೆಲವರಿಗೆ ಬೆಳಕು ಮಿಂಚಿದ ಹಾಗಾಗುತ್ತದೆ. ಇನ್ನು ಕೆಲವರಿಗೆ ಮೈ ಜಗ್ಗುವುದೇ ಇಲ್ಲ, ತಲೆಯೊಳಗೆ ದೊಡ್ಡ ಸದ್ದು ಮಾತ್ರ: ಪಟಾಕಿ ಸಿಡಿದ ಹಾಗೆ, ಅಟ್ಟದಿಂದ ಪಾತ್ರೆ ರಾಶಿ ಬಿದ್ದ ಹಾಗೆ. ಎದ್ದು ಅಡುಗೆಮನೆಗೆ ಹೋಗಿ ನೋಡಿದರೆ ಎಲ್ಲ ಇದ್ದ ಜಾಗದಲ್ಲೇ ಇರುತ್ತದೆ. ಇದಕ್ಕೆ 1988ರಲ್ಲಿ ಪಿಯರ್ಸ್ ಅನ್ನುವ ಬ್ರಿಟಿಷ್ ನರತಜ್ಞರು ಎಕ್ಸ್‌ಪ್ಲೋಡಿಂಗ್ ಹೆಡ್ ಅಂತ ಹೆಸರಿಟ್ಟರು. ಹೆಸರು ಕೇಳಿದರೇ ಅರ್ಧ ಜೀವ ಹೋಗಬೇಕು! ನಿಜದಲ್ಲಿ ತಲೆನೋವೂ ಇಲ್ಲ, ಅಪಾಯವೂ ಇಲ್ಲ. ಇದೂ ಅದೇ ಹೊಸ್ತಿಲಿನ ಗೊಂದಲ.

ಸರಿ, ನಿಮಗೆ ಮಾರ್ಚ್‌ನಲ್ಲೇ ಯಾಕೆ ಶುರುವಾಯಿತು? ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹನ್ನೆರಡಕ್ಕೆ ಮಲಗಿ ಐದೂವರೆಗೆ ಎದ್ದರೆ ಐದೂವರೆ ತಾಸು. ವಯಸ್ಕರಿಗೆ ಕಡಿಮೆ ಅಂದರೂ ಏಳು ತಾಸು ಬೇಕು. ದಿನಕ್ಕೆ ಒಂದೂವರೆ ತಾಸಿನಂತೆ ವಾರವಿಡೀ ಸಾಲ ಏರುತ್ತದೆ. ಬ್ಯಾಂಕಿನವರಿಗೆ ಸಾಲದ ಲೆಕ್ಕ ನಾನು ಹೇಳಬೇಕಾ? ನಿದ್ದೆ ಕೆಟ್ಟವರು ಕಣ್ಣು ಮುಚ್ಚಿದ ಕೂಡಲೇ ರಭಸದಿಂದ ನಿದ್ದೆಗೆ ಜಾರುತ್ತಾರೆ, ಆದರೆ ಒತ್ತಡದಿಂದಾಗಿ ಎಚ್ಚರದ ಜಾಲವೂ ಬಿಗಿಯಾಗಿಯೇ ಇರುತ್ತದೆ. ಹೀಗೆ ಎರಡೂ ಕಡೆಯಿಂದ ಎಳೆದಾಟ ಇದ್ದಾಗ ಬೆಚ್ಚುವುದು ಜಾಸ್ತಿ.

ಕಾಫಿಯ ಬಗ್ಗೆ ನೀವು ಬರೆದಿಲ್ಲ, ಆದರೆ ಇಯರ್ ಎಂಡಿಂಗ್ ಅಂದಮೇಲೆ ಸಂಜೆ ಕಾಫಿ ಇಲ್ಲದೆ ಇರುತ್ತದಾ? ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು ಐದು ತಾಸು ಬೇಕು. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ಕೆಫೀನ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಇದು ಇನ್ನೂ ನಿಧಾನ. ಚಹಾ, ಗ್ರೀನ್ ಟೀ, ಕೋಲಾಗಳಲ್ಲೂ ಕೆಫೀನ್ ಇದೆ. ಸಿಗರೇಟು, ತಡರಾತ್ರಿಯ ಜಿಮ್ಮು ಕೂಡ ಇದೇ ಸಾಲಿಗೆ ಸೇರುತ್ತವೆ. ಖಿನ್ನತೆಗೆ, ಆತಂಕಕ್ಕೆ ಕೊಡುವ ಎಸ್ಸಿಟಾಲೋಪ್ರಾಮ್‌ನಂಥ ಮಾತ್ರೆಗಳಿಂದಲೂ ಕೆಲವರಿಗೆ ಬೆಚ್ಚುವುದು ಜಾಸ್ತಿಯಾಗುತ್ತದೆ. ಹಾಗಂತ ಅವನ್ನು ನೀವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರ ಹತ್ತಿರ ಹೇಳಿ.

ಈಗ ಭಯದ ಮಾತು. ಒಂದು ರಾತ್ರಿ ಬೆಚ್ಚುತ್ತೀರಿ. ಮರುದಿನ ಗೂಗಲ್ ಮಾಡುತ್ತೀರಿ. ಆ ರಾತ್ರಿ ಹಾಸಿಗೆಯಲ್ಲಿ ಬಂತಾ, ಈಗ ಬರುತ್ತಾ ಅಂತ ಕಾಯುತ್ತಾ ಮಲಗುತ್ತೀರಿ. ಹಾಗೆ ಕಾಯುವುದೇ ಎಚ್ಚರದ ಜಾಲಕ್ಕೆ ಇಂಧನ. ಸಣ್ಣ ಸದ್ದಿಗೂ ಮೈ ಹಾರುತ್ತದೆ. ಮತ್ತೆ ಬೆಚ್ಚುತ್ತೀರಿ, ನೋಡಿ ಇವತ್ತೂ ಆಯಿತು ಅನ್ನಿಸುತ್ತದೆ. ನನ್ನ ಹತ್ತಿರ ಈ ತೊಂದರೆಗಾಗಿ ಬರುವವರಲ್ಲಿ ಹೆಚ್ಚಿನವರು ಈ ಸುಳಿಯಲ್ಲಿ ಸಿಕ್ಕವರೇ. ಅವರಿಗೆ ಮಾತ್ರೆಗಿಂತ, ಇದು ಏನು ಅಂತ ಬಿಡಿಸಿ ಹೇಳುವುದೇ ಜಾಸ್ತಿ ಕೆಲಸ ಮಾಡುತ್ತದೆ. ನಾನು ಇಷ್ಟುದ್ದ ಬರೆಯುತ್ತಿರುವುದೂ ಅದಕ್ಕೇ.

ಮಧ್ಯಾಹ್ನ ಎರಡರ ಮೇಲೆ ಕಾಫಿ, ಚಹಾ ಬೇಡ. ಏಳುವ ಹೊತ್ತು ಐದೂವರೆಯೇ ಆಗಬೇಕು ಅಂದರೆ ಹತ್ತೂವರೆಗೆ ದೀಪ ಆರಬೇಕು. ಕೆಲವು ದಿನ ಇದು ಆಗುವುದಿಲ್ಲ ಅಂತ ನನಗೂ ಗೊತ್ತು, ಆದ ದಿನ ಆಗಲಿ. ಮಲಗುವ ಮುಂಚಿನ ಅರ್ಧ ತಾಸು ಬ್ಯಾಂಕಿನ ವಾಟ್ಸ್ಆ್ಯಪ್ ಗ್ರೂಪ್ ತೆರೆಯಬೇಡಿ. ಬೆಚ್ಚಿದರೆ ಎದ್ದು ಕೂರಬೇಡಿ, ಗಡಿಯಾರ ನೋಡಬೇಡಿ, ನಾಡಿ ಹಿಡಿದು ಎಣಿಸಬೇಡಿ. ಮಗ್ಗುಲು ಬದಲಿಸಿ, ಉಸಿರನ್ನು ಮೆಲ್ಲಗೆ ಉದ್ದವಾಗಿ ಬಿಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರಲಿಲ್ಲ ಅನ್ನಿಸಿದರೆ ಮಾತ್ರ ಎದ್ದು ಮಂದ ಬೆಳಕಿನಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಒಂದು ಪೆಗ್ ಹಾಕಿದರೆ ಒಳ್ಳೆ ನಿದ್ದೆ ಅನ್ನುವವರ ಮಾತು ಕೇಳಬೇಡಿ. ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ಕ್ಲೊನಜೆಪಾಮ್‌ನಂಥ ನಿದ್ದೆ ಮಾತ್ರೆಯನ್ನು ತೀರಾ ಕಾಡುವವರಿಗೆ ನಾವು ಸ್ವಲ್ಪ ದಿನ ಕೊಡುವುದುಂಟು. ಅದು ಬೇಗ ಅಭ್ಯಾಸವಾಗುತ್ತದೆ, ಪಕ್ಕದ ಮನೆಯವರ ಶೀಟಿನಿಂದ ತೆಗೆದುಕೊಳ್ಳುವಂಥದ್ದಲ್ಲ.

ಹಾಗಾದರೆ ಯಾವಾಗ ಚಿಂತೆ ಮಾಡಬೇಕು? ಹಿಪ್ನಿಕ್ ಜರ್ಕ್‌ನ ಗುರುತು ಇಷ್ಟೇ: ನಿದ್ದೆ ಹತ್ತುವಾಗ, ಒಂದು ಕ್ಷಣ, ಆಮೇಲೆ ಪೂರ್ತಿ ಪ್ರಜ್ಞೆ. ಇದಕ್ಕೆ ಹೊಂದದ್ದು ಬೇರೆ ಏನೋ ಇರಬಹುದು.

ಬಹಳ ಸಲ ತಪ್ಪಿಹೋಗುವುದು ಹದಿಹರೆಯದವರ ಒಂದು ಬಗೆಯ ಫಿಟ್ಸ್, ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ. ಅದು ಕಾಣಿಸುವುದು ರಾತ್ರಿ ಮಲಗುವಾಗಲ್ಲ, ಬೆಳಗ್ಗೆ ಎದ್ದ ಮೇಲೆ. ಹಲ್ಲುಜ್ಜುವಾಗ ಕೈ ಹಾರಿ ಬ್ರಷ್ ಬೀಳುತ್ತದೆ, ಕಾಫಿ ಲೋಟ ಚೆಲ್ಲುತ್ತದೆ. ಮನೆಯವರು ಗಮನ ಇಲ್ಲ, ಪೆದ್ದ ಅಂತ ಬೈಯುತ್ತಿರುತ್ತಾರೆ. ಪರೀಕ್ಷೆಗಾಗಿ ರಾತ್ರಿಯೆಲ್ಲ ಓದಿದ ಮರುದಿನ ಒಮ್ಮೆಲೇ ದೊಡ್ಡ ಫಿಟ್ಸ್ ಬಂದಾಗಲೇ ಆಸ್ಪತ್ರೆಗೆ ಬರುವುದು. ಕೇಳಿದರೆ ತಿಂಗಳುಗಟ್ಟಲೆಯಿಂದ ಲೋಟ ಬೀಳುತ್ತಿತ್ತು ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಇಂಥ ಹುಡುಗ, ಹುಡುಗಿ ಇದ್ದರೆ ಇಇಜಿ (ಮೆದುಳಿನ ಅಲೆಗಳ ಪರೀಕ್ಷೆ) ಮಾಡಿಸಿ. ಮಾತ್ರೆಗೆ ಚೆನ್ನಾಗಿ ಹಿಡಿತಕ್ಕೆ ಬರುವ ಕಾಯಿಲೆ ಅದು.

ಸಂಜೆಯಾದರೆ ಕಾಲೊಳಗೆ ಏನೋ ಹರಿದಾಡಿದ ಹಾಗೆ, ಅಲ್ಲಾಡಿಸದೆ ಇರಲಾಗದ ಹಾಗೆ ಆಗಿ, ಎದ್ದು ಓಡಾಡಿದರೆ ಹಾಯೆನಿಸುವುದು ರೆಸ್ಟ್‌ಲೆಸ್ ಲೆಗ್ಸ್. ಮಕ್ಕಳನ್ನು ಕರೆದು ಕಾಲು ತುಳಿಸಿಕೊಳ್ಳುವ ಅಜ್ಜಿಯರಲ್ಲಿ ಎಷ್ಟೋ ಜನಕ್ಕೆ ಇದೇ ಇರುತ್ತದೆ. ಇದಕ್ಕೆ ಕಬ್ಬಿಣದ ಕೊರತೆ ದೊಡ್ಡ ಕಾರಣ. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವ ರಕ್ತ ಪರೀಕ್ಷೆ) ನೋಡಬೇಕು, ಅದು 75ಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಟ್ಟು ನೋಡುತ್ತೇವೆ. ಗಾಢ ನಿದ್ದೆಯಿಂದ ಉಸಿರು ಕಟ್ಟಿ ಬೆಚ್ಚಿ ಏಳುವುದು, ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಕಾಯಿಲೆ ಅಂತ ಅನುಮಾನಿಸಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುವವರು ನಡುರಾತ್ರಿ ಬೆವರಿ ನಡುಗುತ್ತಾ ಎದ್ದರೆ ಮೊದಲು ಶುಗರ್ ನೋಡಿ. ಐವತ್ತು ದಾಟಿದವರು ಬೆಳಗಿನ ಜಾವ ನಿದ್ದೆಯಲ್ಲೇ ಕೂಗಿ, ಕೈ ಬೀಸಿ, ಪಕ್ಕದವರಿಗೆ ಹೊಡೆಯುತ್ತಿದ್ದರೆ ನರತಜ್ಞರಿಗೆ ತೋರಿಸಲೇಬೇಕು. ಪಾರ್ಕಿನ್ಸನ್ ಕಾಯಿಲೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಇದು ಶುರುವಾಗುವುದುಂಟು.

ಒಂದು ಜಾಗದಲ್ಲಿ ಮಾತ್ರ ಬೆಚ್ಚುವುದು ನಿಜಕ್ಕೂ ಅಪಾಯ: ಸ್ಟೀರಿಂಗ್ ಹಿಂದೆ. ಗಾಡಿ ಓಡಿಸುವಾಗ ಮೈ ಝುಂ ಅಂದು ಎಚ್ಚರವಾಯಿತು ಅಂದರೆ ನೀವು ಆಗಲೇ ನಿದ್ದೆಗೆ ಜಾರಿದ್ದಿರಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿಗೆ ಗಾಡಿ ಸುಮಾರು 67 ಮೀಟರ್ ಹೋಗಿರುತ್ತದೆ. ಕಿಟಕಿ ಇಳಿಸಿ, ಹಾಡು ಹಾಕಿ ಮುಂದೆ ಹೋಗಬೇಡಿ. ನಿಲ್ಲಿಸಿ, ಇಪ್ಪತ್ತು ನಿಮಿಷ ಮಲಗಿ.

ತಂಗಿಯ ಮಗುವಿನ ವಿಷಯ ಬೇರೆ. ಎರಡು ತಿಂಗಳ ಮಗು ಸದ್ದಿಗೋ, ತೊಟ್ಟಿಲಿಗೆ ಇಳಿಸುವಾಗಲೋ ಎರಡೂ ಕೈ ಚಾಚಿ, ಮತ್ತೆ ತಬ್ಬಿಕೊಳ್ಳುವ ಹಾಗೆ ಮಡಚುವುದು ಮೋರೋ ರಿಫ್ಲೆಕ್ಸ್. ಅದು ಇರಬೇಕು. ಹುಟ್ಟಿದ ಮಗುವಿನಲ್ಲಿ ಅದು ಇಲ್ಲದಿದ್ದರೆ ನಮಗೆ ಗಾಬರಿ. ನಾಲ್ಕರಿಂದ ಆರು ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ. ನಿದ್ದೆಯಲ್ಲಿ ಮಾತ್ರ ಕೈಕಾಲು ಜಗ್ಗಿ, ಎಬ್ಬಿಸಿದ ಕೂಡಲೇ ನಿಂತರೆ ಅದೂ ಸಾಮಾನ್ಯವಾಗಿ ಕಾಯಿಲೆಯಲ್ಲ. ದೃಷ್ಟಿ ತೆಗೆದರೆ, ಕಪ್ಪು ದಾರ ಕಟ್ಟಿದರೆ ನನ್ನ ತಕರಾರಿಲ್ಲ. ದಾರ ಬಿಗಿ ಇರಬಾರದು, ಕುತ್ತಿಗೆಗೆ ಕಟ್ಟಬಾರದು, ಅಷ್ಟೇ. ಆದರೆ ಮುಂದಿನ ತಿಂಗಳುಗಳಲ್ಲಿ ಮಗು ನಿದ್ದೆಯಿಂದ ಎದ್ದಾಗ ತಲೆ ಬಗ್ಗಿಸಿ, ಕೈ ಎತ್ತಿ, ಒಂದಾದ ಮೇಲೊಂದರಂತೆ ಸಾಲಾಗಿ ಹತ್ತಾರು ಸಲ ಬೆಚ್ಚಿದರೆ, ನಗುವುದು, ಕಣ್ಣಿಗೆ ಕಣ್ಣು ಕೊಟ್ಟು ನೋಡುವುದು ಕಡಿಮೆಯಾದರೆ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಆ ದಿನವೇ ಮಕ್ಕಳ ಡಾಕ್ಟರ ಹತ್ತಿರ ಓಡಿ. ಅದು ಇನ್‌ಫಂಟೈಲ್ ಸ್ಪಾಸಮ್ ಅನ್ನುವ, ಎಳೆ ಮಕ್ಕಳ ಒಂದು ಬಗೆಯ ಫಿಟ್ಸ್ ಇರಬಹುದು. ಅಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ.

ಎಂಆರ್‌ಐ ಬೇಡ. ಹಿಪ್ನಿಕ್ ಜರ್ಕ್ ಅದರಲ್ಲಿ ಕಾಣುವುದಿಲ್ಲ. ನಿದ್ದೆ, ಕಾಫಿ ಎರಡನ್ನೂ ಸರಿಮಾಡಿ ಒಂದು ತಿಂಗಳಾದರೂ ದಿನಾ ಆಗುತ್ತಿದ್ದರೆ ನಿಮ್ಮವರಿಗೆ ಒಂದು ವಿಡಿಯೋ ಮಾಡಲು ಹೇಳಿ, ಅದನ್ನು ತೆಗೆದುಕೊಂಡು ನರತಜ್ಞರನ್ನು ನೋಡಿ. ರಾತ್ರಿಯಿಡೀ ದಾಖಲಿಸುವ ಪರೀಕ್ಷೆ ಬೇಕು ಅನ್ನಿಸಿದರೆ ಅವರೇ ಬರೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಅದಕ್ಕೆ ವ್ಯವಸ್ಥೆ ಇದೆ.

ಕೊನೆಗೆ ಆ ನರದ ಮಾತ್ರೆ. ಶೀಟಿನ ಹಿಂಭಾಗ ತಿರುಗಿಸಿ ಓದಿ. ಬರೀ ಮೀಥೈಲ್‌ಕೋಬಾಲಮಿನ್ ಅಂತ ಇದ್ದರೆ ಅದು ಬಿ12. ಬಿ12 ಕೊರತೆ ನಮ್ಮ ಕಡೆ ಸಸ್ಯಾಹಾರಿಗಳಲ್ಲಿ ಸಾಕಷ್ಟಿದೆ, ಆದರೆ ಅದು ಪಾದ ಜೋಮು ಹಿಡಿಸುತ್ತದೆ, ನಿದ್ದೆ ಹತ್ತುವಾಗ ಬೆಚ್ಚಿಸುವುದಿಲ್ಲ. ಬೇಕಾದರೆ ರಕ್ತ ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಮಾತ್ರೆ ನಿಲ್ಲಿಸಿ, ಏನೂ ಆಗುವುದಿಲ್ಲ. ಅದರ ಜೊತೆಗೆ ಪ್ರಿಗಾಬಾಲಿನ್ ಅಥವಾ ಗಾಬಾಪೆಂಟಿನ್ ಅಂತ ಇದ್ದರೆ ವಿಷಯ ಬೇರೆ. ಇವೆರಡೂ ಚೀಟಿ ಇಲ್ಲದೆ ಕೊಡಬಾರದ ಮಾತ್ರೆಗಳು, ಕೆಲವರಲ್ಲಿ ಮೈ ಜಗ್ಗುವುದನ್ನು ಇವೇ ಜಾಸ್ತಿ ಮಾಡುತ್ತವೆ. ಹದಿನೈದು ದಿನ ತೆಗೆದುಕೊಂಡಿದ್ದೀರಿ, ಹಾಗಾಗಿ ಒಮ್ಮೆಲೇ ನಿಲ್ಲಿಸದೆ, ಶೀಟು ಹಿಡಿದುಕೊಂಡು ಈ ವಾರವೇ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋಗಿ. ಹೇಗೆ ಇಳಿಸಬೇಕು ಅಂತ ಅವರು ಹೇಳುತ್ತಾರೆ.